ಚರಗದ ಕಾಳು, ಕೆರೆಯ ಕೆಸರು

ಎಳ್ಳಮಾವಾಸ್ಯೆಯ ಮಧ್ಯಾಹ್ನ ಸುರಪುರ, ಶಹಾಪುರ ಕಡೆಯ ಹಳ್ಳಿಗಳಲ್ಲಿ ಊರೊಳಗೆ ಜನ ಸಿಗುವುದು ಕಷ್ಟ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿರುತ್ತಾರೆ. ಡಿಸೆಂಬರ್ ಕೊನೆಗೋ ಜನವರಿ ಮೊದಲಿಗೋ ಬರುವ ಈ ಹಬ್ಬಕ್ಕೆ ಸಜ್ಜೆ ರೊಟ್ಟಿ, ಎಳ್ಳು ಹಚ್ಚಿದ ಜೋಳದ ರೊಟ್ಟಿ, ಹಲವು ಕಾಳು-ಕಾಯಿಪಲ್ಲೆ ಕೂಡಿಸಿ ಕುದಿಸಿದ ಭಜ್ಜಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆ, ಕಡಬು, ಅಂಬಲಿ ಎಲ್ಲ ಆಗಬೇಕು. ಬನ್ನಿಗಿಡದ ಬುಡದಲ್ಲೋ ಹೊಲದ ನಡುವೆಯೋ ಐದು ಕಲ್ಲಿಟ್ಟು, ಪಾಂಡವರೆಂದು ಪೂಜಿಸಿ, ಎಡೆ ತೋರಿಸುತ್ತಾರೆ. ಆಮೇಲೆ ಅದೇ ಅಡುಗೆಯನ್ನು ಕಲಸಿಕೊಂಡು ಬೆಳೆಯ ಸಾಲುಗಳ ಮೇಲೆ ಎರಚುತ್ತ ಹೊಲ ಸುತ್ತುತ್ತಾರೆ. ಇದೇ ಚರಗ ಚೆಲ್ಲುವುದು. ಬುಟ್ಟಿ ಹಿಡಿದ ಹುಡುಗ ಅವಸರದಲ್ಲಿ ಒಂದೇ ಕಡೆ ಸುರಿದರೆ ಹಿರಿಯರು ಬಿಡುವುದಿಲ್ಲ: “ಒಂದ ಕಡಿ ಸುರೀಬ್ಯಾಡೋ ತಮ್ಮಾ, ಹೊಲದ ತುಂಬ ಬೀಳಂಗ ಚೆಲ್ಲು.”

ಚರಗ ಭೂಮಿತಾಯಿಗೆ ಸಲ್ಲುವ ಬಯಕೆಯ ಊಟ. ತುಂಬು ಬಸುರಿಗೆ ಸೀಮಂತ ಮಾಡಿದ ಹಾಗೆ, ತೆನೆ ಕಟ್ಟುವ ಹೊಲಕ್ಕೆ ಉಣಿಸುವುದು ಇದರ ಭಾವ. ಆದರೆ ಜನ ಗಿಡದ ನೆರಳಿಗೆ ಊಟಕ್ಕೆ ಕುಳಿತ ಮೇಲೆ ಹೊಲದ ಕಡೆ ನೋಡಿದರೆ, ಆ ಊಟ ಯಾರ ಹೊಟ್ಟೆ ಸೇರುತ್ತಿದೆಯೆಂದು ಗೊತ್ತಾಗುತ್ತದೆ. ಕಾಗೆ, ಗೊರವಂಕ, ಗುಬ್ಬಿ ಮೊದಲು ಇಳಿಯುತ್ತವೆ. ಇರುವೆಗಳು ಸಾಲು ಹಚ್ಚುತ್ತವೆ. ಅನ್ನ-ರೊಟ್ಟಿಯ ಗೊಡವೆಯೇ ಇಲ್ಲದ ಬೆಳ್ಳಕ್ಕಿ ಮತ್ತು ಕಾಜಾಣಗಳೂ ಬರುತ್ತವೆ. ಹೊಲದಲ್ಲಿ ಇಷ್ಟು ಜನ ಓಡಾಡಿದಾಗ ಸಾಲುಗಳಿಂದ ಎದ್ದ ಮಿಡತೆ, ಪತಂಗಗಳು ಅವಕ್ಕೆ ಬೇಕು. ಹಕ್ಕಿಗಳಿಗೆ ಉಣಿಸುವುದೆಂದರೆ ಕಾಳು ತುಂಬಿದ ಡಬ್ಬಿಯನ್ನು ಬಾಲ್ಕನಿಯಲ್ಲಿ ತೂಗುಹಾಕುವುದು ಎಂದು ಪೇಟೆಯ ಮಕ್ಕಳು ಕಲಿಯುತ್ತಿರುವ ಈ ಕಾಲದಲ್ಲಿ, ಯಾದಗಿರಿ ಜಿಲ್ಲೆಯ ಹೊಲಗಳಲ್ಲಿ ನಡೆಯುವ ಈ ದೊಡ್ಡ ಉಣಿಸನ್ನು ವಿಜ್ಞಾನದ ಕಣ್ಣಿನಿಂದ ನೋಡಬೇಕು ಎಂಬುದು ನನ್ನ ಬಹುದಿನದ ಆಸೆ. ಚಳಿಗಾಲದಲ್ಲಿ ಹಕ್ಕಿಗೆ ನಿಜವಾಗಿ ಏನು ಬೇಕು ಎಂಬ ಪ್ರಶ್ನೆಗೆ ನಮ್ಮ ನೆಲದ ಉತ್ತರವೇ ಬೇರೆ.

ಡಬ್ಬಿಯಲ್ಲಿ ಕಾಳಿಡುವ ಪದ್ಧತಿ ಬಂದದ್ದು ಹಿಮ ಬೀಳುವ ದೇಶಗಳಿಂದ. ಅಲ್ಲಿ ಅದಕ್ಕೆ ಕಾರಣ ಇದೆ. ಹಕ್ಕಿಯ ಮೈಬಿಸಿ ಸುಮಾರು 40 ಡಿಗ್ರಿ ಸೆಲ್ಸಿಯಸ್. ಹೊರಗೆ ಸೊನ್ನೆಗಿಂತ ಕೆಳಗಿನ ಚಳಿ ಇರುವಾಗ ಆ ಬಿಸಿಯನ್ನು ಕಾಪಾಡಿಕೊಳ್ಳಲು ಸಣ್ಣ ಹಕ್ಕಿ ತನ್ನೊಳಗಿನ ಕೊಬ್ಬನ್ನೇ ಉರಿಸಬೇಕು. ಹದಿನೈದು-ಇಪ್ಪತ್ತು ಗ್ರಾಂ ತೂಗುವ ಹಕ್ಕಿ ಒಂದು ದೀರ್ಘ ಚಳಿರಾತ್ರಿಯಲ್ಲಿ ತೂಕದ ಹತ್ತನೆಯ ಒಂದು ಭಾಗದಷ್ಟನ್ನು ಕಳೆದುಕೊಳ್ಳಬಲ್ಲದು. ಮೈ ಸಣ್ಣದಾದಷ್ಟೂ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು, ಹಾಗಾಗಿ ಬಿಸಿ ಸೋರುವುದೂ ಬೇಗ. ಬೆಳಗಾದ ಮೇಲೆ ಹಿಮದಡಿ ಹೂತ ನೆಲದಲ್ಲಿ ಆಹಾರ ಸಿಗದಿದ್ದರೆ ಇನ್ನೊಂದು ರಾತ್ರಿ ದಾಟುವುದು ಕಷ್ಟ. ಅಂಥ ಕಡೆ ಹಿತ್ತಲಲ್ಲಿಟ್ಟ ಸೂರ್ಯಕಾಂತಿ ಬೀಜ ಜೀವ ಉಳಿಸುತ್ತದೆ. ಬ್ರಿಟನ್ನಿನಲ್ಲಿ ಅರ್ಧದಷ್ಟು ಮನೆಗಳು ಹಕ್ಕಿಗಳಿಗೆ ಕಾಳಿಡುತ್ತವೆ. ಮಧ್ಯ ಯುರೋಪಿನಿಂದ ಚಳಿಗಾಲಕ್ಕೆ ದಕ್ಷಿಣಕ್ಕೆ ಹೋಗುತ್ತಿದ್ದ ಬ್ಲ್ಯಾಕ್‌ಕ್ಯಾಪ್ ಎಂಬ ಉಲಿಯಕ್ಕಿಯ ಒಂದು ಪಾಲು ಕಳೆದ ಕೆಲವು ದಶಕಗಳಲ್ಲಿ ದಾರಿ ಬದಲಿಸಿ ಬ್ರಿಟನ್ನಿಗೇ ಚಳಿ ಕಳೆಯಲು ಬರತೊಡಗಿದ್ದರ ಹಿಂದೆ ಈ ಹಿತ್ತಲ ಕಾಳಿನ ಪಾತ್ರ ದೊಡ್ಡದು. ಮನುಷ್ಯರ ಕೈ ತುತ್ತು ಹಕ್ಕಿಗಳ ವಲಸೆಯ ಹಾದಿಯನ್ನೇ ತಿರುಗಿಸಬಲ್ಲದು.

ಯಾದಗಿರಿಯ ಡಿಸೆಂಬರ್ ಹಾಗಲ್ಲ. ನಸುಕಿನಲ್ಲಿ ಕೌದಿ ಬಿಟ್ಟೇಳಲು ಮನಸ್ಸಾಗದಷ್ಟು ಥಂಡಿ ಇರುತ್ತದೆ, ಹತ್ತು ಗಂಟೆಯ ಹೊತ್ತಿಗೆ ಬಿಸಿಲು ಹಿತವಾಗುತ್ತದೆ, ಮಧ್ಯಾಹ್ನ ನೆರಳು ಹುಡುಕಬೇಕು. ಈ ಹವೆಯಲ್ಲಿ ಯಾವ ಹಕ್ಕಿಯೂ ಚಳಿಗೆ ಸಾಯುವುದಿಲ್ಲ. ಹಸಿವಿಗಂತೂ ಕಾರಣವೇ ಇಲ್ಲ. ಮಳೆಗಾಲದ ನೀರು ಕೆರೆಯಲ್ಲಿದೆ, ಎರೆಭೂಮಿಯಲ್ಲಿ ಹಿಂಗಾರಿ ಜೋಳ, ಕಡಲೆ, ಕುಸುಬೆ ನಿಂತಿವೆ, ತೊಗರಿ ಕಾಯಿ ಬಲಿತಿದೆ, ಕೊಯ್ದ ಭತ್ತದ ಗದ್ದೆಯಲ್ಲಿ ಉದುರಿದ ಕಾಳಿದೆ. ಬೆಳೆ ಇದ್ದ ಮೇಲೆ ಹುಳವೂ ಇದೆ. ವರ್ಷದ ಹನ್ನೆರಡು ತಿಂಗಳಲ್ಲಿ ಹಕ್ಕಿಗೆ ಅತಿ ಸುಭಿಕ್ಷದ ಕಾಲ ಇದೇ. ಸಾವಿರಾರು ಕಿಲೋಮೀಟರ್ ಆಚೆಯಿಂದ ಅತಿಥಿಗಳು ಈ ತಿಂಗಳುಗಳಲ್ಲೇ ಇಲ್ಲಿಗೆ ಬರುವುದೂ ಅದಕ್ಕೇ.

ಮತ್ತೆ ಚರಗದ ಹೊಲಕ್ಕೆ ಬರೋಣ. ಎಳ್ಳಮಾವಾಸ್ಯೆ ಬರುವ ಹೊತ್ತು ಮತ್ತು ಕಡಲೆ-ತೊಗರಿಗೆ ಕಾಯಿಕೊರಕ ಬೀಳುವ ಹೊತ್ತು ಹೆಚ್ಚುಕಡಿಮೆ ಒಂದೇ. ಹೆಲಿಕೊವರ್ಪ ಆರ್ಮಿಜೆರ ಎಂಬ ಪತಂಗದ ಮರಿ ಈ ಕೀಡೆ. ಒಂದೊಂದು ಹೆಣ್ಣು ಪತಂಗ ನೂರಾರು ಮೊಟ್ಟೆಗಳನ್ನು ಹೂವು, ಚಿಗುರುಗಳ ಮೇಲೆ ಬಿಡಿಬಿಡಿಯಾಗಿ ಇಡುತ್ತದೆ. ಮರಿ ಎರಡು-ಮೂರು ವಾರ ತಿಂದು ಬೆಳೆದು, ಕೋಶವಾಗಲು ಮಣ್ಣಿಗಿಳಿಯುತ್ತದೆ. ತೊಗರಿಯ ನಾಡೆಂದು ಹೆಸರಾದ ಕಲಬುರಗಿ, ಯಾದಗಿರಿಯ ರೈತರ ನಿದ್ದೆಗೆಡಿಸುವುದು ಇದೇ ಹುಳ. ಔಷಧ ಹೊಡೆದಷ್ಟೂ ಅದನ್ನು ಅರಗಿಸಿಕೊಳ್ಳುವ ತಳಿಗಳು ಹುಟ್ಟುವುದರಲ್ಲಿ ಜಗತ್ತಿನ ಯಾವ ಪೀಡೆಗೂ ಇದು ಕಡಿಮೆಯಿಲ್ಲ. ಔಷಧಕ್ಕೆ ಬಗ್ಗದಾಗ ಇಲ್ಲಿನ ರೈತರು ತೊಗರಿ ಗಿಡದ ಕೆಳಗೆ ಬಟ್ಟೆ ಹಾಸಿ, ಗಿಡ ಅಲುಗಿಸಿ, ಉದುರಿದ ಹುಳ ಆರಿಸಿ ನಾಶ ಮಾಡಿದ್ದೂ ಉಂಟು.

ಈ ಹುಳ ತಿನ್ನುವಾಗ ಕೂರುವ ಭಂಗಿಯೊಂದು ಹಕ್ಕಿಗೆ ಅನುಕೂಲವಾಗಿದೆ. ಕಡಲೆ ಕಾಯಿಗೆ ತೂತು ಕೊರೆದು ತಲೆಯನ್ನಷ್ಟೇ ಒಳಗಿಟ್ಟುಕೊಂಡು, ಉಳಿದ ಮೈಯನ್ನು ಹೊರಗೇ ಬಿಟ್ಟು ಮೇಯುತ್ತದೆ. ಗೊರವಂಕಕ್ಕೆ, ಬೆಳ್ಳಕ್ಕಿಗೆ ಅದು ಎದ್ದು ಕಾಣುತ್ತದೆ. ತೊಂದರೆ ಏನೆಂದರೆ, ದಟ್ಟವಾಗಿ ಬೆಳೆದ ಕಡಲೆ ಹೊಲದಲ್ಲಿ ಹುಳ ಇದೆಯೆಂದು ದೂರದಲ್ಲಿರುವ ಹಕ್ಕಿಗೆ ಗೊತ್ತಾಗುವುದಿಲ್ಲ. ಅದನ್ನು ಹೊಲದೊಳಗೆ ಕರೆಯಲು ಕಣ್ಣಿಗೆ ಬೀಳುವಂಥದ್ದೇನಾದರೂ ಬೇಕು. ಬಿಳಿಯ ಅನ್ನ, ರೊಟ್ಟಿಯ ಚೂರು, ಭಜ್ಜಿಯ ಕಾಳು ಆ ಕೆಲಸ ಮಾಡುತ್ತವೆ. ತಿನ್ನಲು ಇಳಿದ ಹಕ್ಕಿ ಕಾಳು ಮುಗಿದ ಮೇಲೂ ಸಾಲಿನಲ್ಲಿ ನಡೆದಾಡುತ್ತದೆ, ನಡೆದಾಡುವಾಗ ಕೀಡೆ ಕಾಣುತ್ತದೆ, ಕಂಡದ್ದನ್ನು ಬಿಡುವುದಿಲ್ಲ. ಒಮ್ಮೆ ರುಚಿ ಹತ್ತಿದ ಹೊಲಕ್ಕೆ ನಾಳೆಯೂ ಬರುತ್ತದೆ. ಕೃಷಿ ವಿಜ್ಞಾನಿಗಳು ಕಾಯಿಕೊರಕದ ಸಮಗ್ರ ಹತೋಟಿಯ ಸಲಹೆಗಳಲ್ಲಿ ಇದನ್ನೇ ಹೊಸ ರೂಪದಲ್ಲಿ ಹೇಳುತ್ತಾರೆ: ಹೊಲದಲ್ಲಿ ಚುರುಮುರಿ ಎರಚಿ, ಅಲ್ಲಲ್ಲಿ ಬೆಳೆಗಿಂತ ಎತ್ತರಕ್ಕೆ ಕವಲುಕಡ್ಡಿ ನೆಟ್ಟು ಹಕ್ಕಿಗೆ ಕೂರಲು ಜಾಗ ಮಾಡಿ. ನೆಲದಲ್ಲಿ ನಡೆದು ಮೇಯುವ ಹಕ್ಕಿಗೆ ಚುರುಮುರಿ, ಎತ್ತರದಿಂದ ನೋಡಿ ಎರಗುವ ಕಾಜಾಣ, ನೀಲಕಂಠಗಳಿಗೆ ಕಡ್ಡಿ.

ಹಿಂದಿನವರು ಕೀಟ ಹತೋಟಿಗೆಂದೇ ಚರಗವನ್ನು ಹೂಡಿದರು ಎಂದು ನಾನು ಹೇಳಲಾರೆ. ಹಬ್ಬವನ್ನು ವಿಜ್ಞಾನದ ಸೂತ್ರವಾಗಿ ಇಳಿಸುವುದು ಹಬ್ಬಕ್ಕೂ ವಿಜ್ಞಾನಕ್ಕೂ ಒಳ್ಳೆಯದಲ್ಲ. ಹುಳದ ಹಾವಳಿ ಮಿತಿಮೀರಿದ ವರ್ಷ ಹಕ್ಕಿಗಳಷ್ಟೇ ಬೆಳೆಯನ್ನು ಉಳಿಸಿಕೊಡುವುದೂ ಇಲ್ಲ. ಆದರೆ ಹೊಲದ ತುಂಬ ಬೀಳುವಂತೆ ಚೆಲ್ಲು ಎಂಬ ಹಿರಿಯರ ಮಾತಿನಲ್ಲಿ ಹಕ್ಕಿಗಳಿಗೆ ಉಣಿಸುವ ಬಗೆಗಿನ ಅತ್ಯುತ್ತಮ ನಿಯಮ ಇದೆ. ಅದರ ಬೆಲೆ ಏನೆಂದು ಮುಂದೆ ನೋಡೋಣ.

ಕಡ್ಡಿಯ ಮೇಲೆ ಕೂರುವ ನೀಲಕಂಠದ ಬಗ್ಗೆ ಮೊದಲು ಒಂದು ಮಾತು ಹೇಳಲೇಬೇಕು. ಅದು ಕರ್ನಾಟಕದ ರಾಜ್ಯಪಕ್ಷಿ. ಕೂತಾಗ ಮಬ್ಬು ಕಂದು, ರೆಕ್ಕೆ ಬಿಚ್ಚಿದರೆ ಎರಡು ಬಗೆಯ ನೀಲಿ. ಇಲ್ಲಿನ ಹೊಲಗಳ ಕರೆಂಟು ತಂತಿಯ ಮೇಲೆ ಚಳಿಗಾಲದಲ್ಲಿ ಸಾಮಾನ್ಯವಾಗಿ ಕಾಣುವ ಹಕ್ಕಿ. 2023ರಲ್ಲಿ ಪ್ರಕಟವಾದ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿ 942 ಜಾತಿಗಳನ್ನು ಪರಿಶೀಲಿಸಿ, 178 ಜಾತಿಗಳಿಗೆ ತುರ್ತು ಗಮನ ಬೇಕೆಂದು ಗುರುತಿಸಿತು. ಸುಮಾರು 30,000 ಹವ್ಯಾಸಿಗಳು ತಮ್ಮ ಊರು, ಹೊಲ, ಕೆರೆಗಳಲ್ಲಿ ಬರೆದಿಟ್ಟ ಪಟ್ಟಿಗಳೇ ಆ ವರದಿಯ ಆಧಾರ. ಇಷ್ಟು ಸಾಮಾನ್ಯವೆನಿಸುವ ನೀಲಕಂಠದ ಸಂಖ್ಯೆ ದೇಶದಲ್ಲಿ ಶೇ. 30ರಷ್ಟು ಕುಸಿದಿದೆಯೆಂದೂ, ಅಪಾಯದ ಪಟ್ಟಿಯಲ್ಲಿ ಅದರ ಸ್ಥಾನವನ್ನು ಮರುಪರಿಶೀಲಿಸಬೇಕೆಂದೂ ವರದಿ ಹೇಳುತ್ತದೆ. ಕಾಳು ತಿನ್ನದ, ಮಿಡತೆ-ಜೀರುಂಡೆ-ಕೀಡೆಗಳನ್ನೇ ನಂಬಿದ ಹಕ್ಕಿಗೆ ಡಬ್ಬಿಯಲ್ಲಿ ಏನಿಟ್ಟೂ ಉಪಯೋಗವಿಲ್ಲ. ಹುಳ ಇರುವ ಬದು, ಮುಳ್ಳುಕಂಟಿಯ ಬೇಲಿ, ಗೂಡಿಗೆ ಪೊಟರೆ ಇರುವ ಹಳೆಯ ಬೇವು ಇವೇ ಅದಕ್ಕೆ ಊಟ ಮತ್ತು ಮನೆ. ಕಾಳು ತಿನ್ನುವ ಗುಬ್ಬಿ ಕೂಡ ಮರಿಗೆ ಮೊದಲ ದಿನಗಳಲ್ಲಿ ಉಣಿಸುವುದು ಹುಳವನ್ನೇ. ಅಕ್ಕಿ ಇಟ್ಟು ಗುಬ್ಬಿಯನ್ನು ಕರೆಯಬಹುದು, ಅಕ್ಕಿಯಿಂದ ಅದರ ಮರಿ ಬೆಳೆಯುವುದಿಲ್ಲ.

ಎಲ್ಲ ಹಕ್ಕಿಯನ್ನೂ ರೈತ ಕರೆಯುವುದಿಲ್ಲ ಎಂಬುದೂ ನಿಜ. ಜೋಳ ಹಾಲುಗಾಳಾಗುವಾಗ ಹೊಲದ ನಡುವಿನ ಅಟ್ಟಣೆ ಹತ್ತಿ, ಕವಣೆ ಬೀಸಿ, ಡಬ್ಬಿ ಬಡಿದು ಓಡಿಸಬೇಕಾದ ಹಿಂಡುಗಳಿವೆ. ಮುಖ್ಯವಾಗಿ ಗುಲಾಬಿ ಕಬ್ಬಕ್ಕಿ. ಕರಿತಲೆ, ಕರಿರೆಕ್ಕೆ, ನಡುವೆ ತಿಳಿಗುಲಾಬಿ ಮೈ. ನೂರಾರು ಹಕ್ಕಿಗಳು ಒಂದೇ ಜೀವವೆಂಬಂತೆ ತಿರುಗಿ ಇಳಿದರೆ ತೆನೆಗೆ ಬಹಳ ಹೊತ್ತು ಬೇಕಿಲ್ಲ. ಇವು ಮೊಟ್ಟೆಯಿಡುವುದು ಕಜಾಕಸ್ತಾನ ಮತ್ತು ಅದರ ಸುತ್ತಲಿನ ಹುಲ್ಲುಬಯಲಿನಲ್ಲಿ. ಅಲ್ಲಿ ಮರಿಗಳನ್ನು ಸಾಕುವುದು ಮಿಡತೆಯಿಂದ. ಚೀನಾದ ಷಿನ್‌ಜಿಯಾಂಗ್‌ನಲ್ಲಿ ಮಿಡತೆ ಹಾವಳಿ ತಡೆಯಲು ಇದೇ ಹಕ್ಕಿಗೆ ಕಲ್ಲುಗುಡ್ಡೆಯ, ಇಟ್ಟಿಗೆಯ ಗೂಡು ಕಟ್ಟಿಕೊಟ್ಟು ಕರೆಸಿಕೊಳ್ಳುತ್ತಾರೆ. ಅಲ್ಲಿ ಆಮಂತ್ರಿತ, ಇಲ್ಲಿ ಕಳ್ಳ. ಹಕ್ಕಿ ಒಂದೇ, ಋತುವಿಗೆ ತಕ್ಕಂತೆ ಅದರ ಹೊಟ್ಟೆಯ ಬೇಡಿಕೆ ಬೇರೆ. ಇಲ್ಲಿಯೂ ಅದು ಬರೀ ಕಾಳು ತಿನ್ನುವುದಿಲ್ಲ, ಮಿಡತೆ ತಿನ್ನುತ್ತದೆ, ಮುತ್ತುಗ ಹೂ ಬಿಟ್ಟಾಗ ಮಕರಂದ ಹೀರಿ ಪರಾಗ ಹಂಚುತ್ತದೆ. ಆದರೆ ಜೋಳ ಬೆಳೆದವನಿಗೆ ಕವಣೆ ಬೀಸಬೇಡ ಎಂದು ಹೇಳುವ ಹಕ್ಕು ನನಗಿಲ್ಲ. ಕಲ್ಲು ತಾಗುವುದಕ್ಕಿಂತ ಸದ್ದಿಗೇ ಹೆಚ್ಚು ಹೆದರಿ ಓಡುವ ಹಿಂಡು ಅದು, ಅಷ್ಟನ್ನು ಹೇಳಬಹುದು.

ಇನ್ನು ಕೆರೆಯ ವಿಷಯ. ಸುರಪುರ ತಾಲ್ಲೂಕಿನ ಬೋನಾಳ ಪಕ್ಷಿಧಾಮ ರಂಗನತಿಟ್ಟಿನ ನಂತರ ರಾಜ್ಯದ ಎರಡನೆಯ ದೊಡ್ಡ ಪಕ್ಷಿಧಾಮವೆಂದು ಹೆಸರಾದದ್ದು. ಕೆರೆಯ ಹರವು ಸುಮಾರು 700 ಎಕರೆ. 17ನೇ ಶತಮಾನದಲ್ಲಿ ಸುರಪುರದ ಅರಸ ಪಾಮನಾಯಕ ಕಟ್ಟಿಸಿದ್ದು, 19ನೇ ಶತಮಾನದಲ್ಲಿ ಕರ್ನಲ್ ಫಿಲಿಪ್ ಮೆಡೋಸ್ ಟೇಲರ್ ದುರಸ್ತಿ ಮಾಡಿಸಿದ್ದು. ಎಳೆಯ ಅರಸ ವೆಂಕಟಪ್ಪನಾಯಕನ ಕಾಲದಲ್ಲಿ ಸಂಸ್ಥಾನದ ಆಡಳಿತ ನೋಡಿಕೊಂಡ ಇದೇ ಟೇಲರ್‌ನ ಬಂಗಲೆ, ಟೇಲರ್ ಮಂಜಿಲ್, ಸುರಪುರದ ಗುಡ್ಡದ ಮೇಲೆ ಈಗಲೂ ಇದೆ. ಅರಸನೂ ಟೇಲರನೂ ಕೆರೆಯ ಕೆಲಸ ಮಾಡಿಸಿದ್ದು ಹೊಲಗದ್ದೆಗಳ ನೀರಿಗಾಗಿ. ಏರಿ ಕಟ್ಟಿ ನೀರು ನಿಲ್ಲಿಸಿದ ಆ ಕೆಲಸ ಮೂರು ಶತಮಾನಗಳಿಂದ ಹಕ್ಕಿಗಳಿಗೂ ಉಣಿಸುತ್ತ ಬಂದಿದೆ. ಉಣಿಸುವುದು ಹೇಗೆ ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಕೆರೆ ತುಂಬಿದ್ದರೆ ಸಾಕು, ಹಕ್ಕಿಗೆ ಅನುಕೂಲ ಎಂದೇ ಬಹಳ ಜನ ತಿಳಿದಿದ್ದಾರೆ.

ಹಕ್ಕಿಯ ಊಟ ಇರುವುದು ನೀರು ಇಳಿಯುವುದರಲ್ಲಿ. ಮಳೆಗಾಲ ಮುಗಿದಾಗ ಕೆರೆ ತುಂಬಿರುತ್ತದೆ. ಚಳಿಗಾಲದ ಬಿಸಿಲಿಗೆ ದಿನಕ್ಕೆ ಮೂರ್ನಾಲ್ಕು ಮಿಲಿಮೀಟರ್ ಆವಿಯಾಗುತ್ತದೆ, ತೂಬಿನಿಂದ ಗದ್ದೆಗೆ ಹೋಗುವುದು ಬೇರೆ. ವಾರಕ್ಕೆ ಒಂದು ಅಂಗುಲ ಇಳಿಯಿತೆಂದುಕೊಳ್ಳೋಣ. ಅಂಚಿನ ಇಳಿಜಾರು ನೂರು ಅಡಿಗೆ ಒಂದಡಿಯಷ್ಟಿದ್ದರೆ, ಆ ಒಂದು ಅಂಗುಲ ಇಳಿದಾಗ ಎಂಟು ಅಡಿಗೂ ಹೆಚ್ಚು ಅಗಲದ ಹೊಸ ಕೆಸರು ಕೆರೆಯ ಸುತ್ತ ತೆರೆದುಕೊಳ್ಳುತ್ತದೆ. ಆ ಕೆಸರಿನಲ್ಲಿ ಮೂರು ತಿಂಗಳು ನೀರಡಿ ಬೆಳೆದ ಹುಳ, ಮೃದ್ವಂಗಿ, ಬೀಜ, ಗೆಡ್ಡೆ ಎಲ್ಲ ಇವೆ. ಹೀಗೆ ವಾರವಾರಕ್ಕೂ ಹೊಸ ಪಟ್ಟಿ ತೆರೆಯುತ್ತದೆ, ಮಾರ್ಚ್‌ವರೆಗೂ ಬಡಿಸುವುದು ನಿಲ್ಲುವುದಿಲ್ಲ. ಒದ್ದೆ ಕೆಸರಿನಲ್ಲಿ ಚಿಕ್ಕ ಗದ್ದೆಗೊರವಗಳು, ಕುಂಡೆಕುಸ್ಕಗಳು. ಪಾದ ಮುಳುಗುವ ನೀರಿನಲ್ಲಿ ಕೆಂಪು ಕಡ್ಡಿಕಾಲಿನ ಮೆಟ್ಟುಗಾಲು ಹಕ್ಕಿ. ಮೊಳಕಾಲಾಳದಲ್ಲಿ ಕೆಂಬರಲು, ಬಕ, ಬಿಳಿ ಕತ್ತಿನ ಕೊಕ್ಕರೆ. ಕುತ್ತಿಗೆಯನ್ನಷ್ಟೇ ಮುಳುಗಿಸಿ ಮೇಯುವ ಸೂಜಿಬಾಲದ ಬಾತು ಅದರಾಚೆ. ಆಳದಲ್ಲಿ ಮುಳುಗೇಳುವ ನೀರುಕಾಗೆ, ಹಾವಕ್ಕಿ. ಎಲೆ ಹರಡಿದ ಕಡೆ ಉದ್ದ ಬೆರಳಿನ ದೇವನಹಕ್ಕಿ. ಕಾಲಿನ ಉದ್ದ ಮತ್ತು ಕೊಕ್ಕಿನ ಆಕಾರ ಹಂಚಿಕೊಟ್ಟ ಜಾಗದಲ್ಲಿ ಒಂದೊಂದೂ ಮೇಯುತ್ತದೆ, ಹಾಗಾಗಿ ಒಂದೇ ಕೆರೆಯಲ್ಲಿ ಇಷ್ಟು ಜಾತಿಗಳು ಕಾದಾಟವಿಲ್ಲದೆ ಹೊಟ್ಟೆ ಹೊರೆಯುತ್ತವೆ. ಕೆರೆಯನ್ನು ವರ್ಷವಿಡೀ ಅಂಚಿನವರೆಗೆ ತುಂಬಿಸಿಟ್ಟರೆ, ದಂಡೆಗೆ ಕಲ್ಲು ಕಟ್ಟಿ ಗೋಡೆ ಮಾಡಿದರೆ, ಈ ಪಟ್ಟಿಗಳೇ ಇಲ್ಲವಾಗುತ್ತವೆ. ಪೇಟೆಯ ಕೆರೆಗಳನ್ನು ಚಂದಗಾಣಿಸುವ ಹೆಸರಿನಲ್ಲಿ ಆಗುವುದು ಬಹಳ ಸಲ ಇದೇ. ಆ ನೋವು ನನಗಿದೆ.

ಕೆಸರಿನ ಒಂದು ಹುಳದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಕೆರೆಯ ಕಪ್ಪು ಕೆಸರನ್ನು ಬೊಗಸೆಯಲ್ಲಿ ಎತ್ತಿ ಜರಡಿಯಲ್ಲಿ ತೊಳೆದರೆ ದಾರದ ಎಳೆಯಂಥ ಕೆಂಪು ಹುಳಗಳು ಸಿಗುತ್ತವೆ. ಕೈರೊನೊಮಸ್ ಎಂಬ, ಕಚ್ಚದ ನೊರಜಿನ ಮರಿಗಳು. ಕೊಳೆಯುವ ಎಲೆ-ಕಡ್ಡಿಗಳಿಂದಾಗಿ ಕೆಸರಿನಲ್ಲಿ ಆಮ್ಲಜನಕ ತೀರ ಕಡಿಮೆ. ಅಲ್ಲಿ ಬದುಕಲು ಈ ಮರಿಗಳು ನಮ್ಮ ರಕ್ತದಲ್ಲಿರುವಂಥದ್ದೇ ಹಿಮೋಗ್ಲೋಬಿನ್ ಇಟ್ಟುಕೊಂಡಿವೆ. ಸಿಕ್ಕಷ್ಟು ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುವ ಹಿಮೋಗ್ಲೋಬಿನ್. ಕೆಂಪು ಬಣ್ಣ ಅದರದ್ದು. ಬಾತು, ಗದ್ದೆಗೊರವಗಳಿಗೆ ಇದು ಪ್ರೋಟೀನು ತುಂಬಿದ ಊಟ.

ಅದೇ ಬೋನಾಳದ ನೀರಿನ ಮೇಲೆ ಹಗಲು ಕಣ್ಣುಮುಚ್ಚಿ ತೇಲುವ ಪಟ್ಟೆತಲೆ ಹೆಬ್ಬಾತಿನ ರಕ್ತದಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುವ ಹಿಮೋಗ್ಲೋಬಿನ್ ಇದೆ, ಆದರೆ ಬೇರೆಯೇ ಕಾರಣಕ್ಕೆ. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಎರಡು-ಮೂರು ಕಿಲೋ ತೂಕ. ಮಂಗೋಲಿಯಾ, ಟಿಬೆಟ್, ಲಡಾಖಿನ ಎತ್ತರದ ಸರೋವರಗಳ ಬಳಿ ಇವು ಮರಿ ಮಾಡುತ್ತವೆ. ಅಲ್ಲಿ ನೆಲ ಹೆಪ್ಪುಗಟ್ಟುತ್ತಿದ್ದಂತೆ ಹಿಮಾಲಯ ದಾಟಿ ಇತ್ತ ಬರುತ್ತವೆ. ಮಂಗೋಲಿಯಾದಲ್ಲಿ ಸಂಶೋಧಕರು ಕೊರಳಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ.

ಇವು ಎವರೆಸ್ಟಿನ ಮೇಲೆ ಹಾರುತ್ತವೆ ಎಂಬ ಮಾತು ಬಹಳ ಕಾಲ ಪಠ್ಯಪುಸ್ತಕಗಳಲ್ಲಿತ್ತು. ಉಪಗ್ರಹ ಯಂತ್ರ ಕಟ್ಟಿ ಬೆನ್ನುಹತ್ತಿದಾಗ ತಿಳಿದದ್ದು ಅದಕ್ಕಿಂತ ಸ್ವಾರಸ್ಯವಾಗಿದೆ. ದಾಖಲಾದ ಅತಿ ಹೆಚ್ಚಿನ ಎತ್ತರ 7,290 ಮೀಟರ್. ಆದರೆ ಹಾರಾಟದ ಬಹುಪಾಲು 5,500 ಮೀಟರಿಗಿಂತ ಕೆಳಗೆ, ಕಣಿವೆಗಳನ್ನು ಹುಡುಕಿಕೊಂಡು. ಗಾಳಿಯ ಸಹಾಯಕ್ಕೆ ಕಾಯುವುದಿಲ್ಲ. ಗಾಳಿ ತಣ್ಣಗೆ, ದಟ್ಟವಾಗಿ, ಶಾಂತವಾಗಿರುವ ರಾತ್ರಿ ಮತ್ತು ನಸುಕಿನಲ್ಲಿ ರೆಕ್ಕೆ ಬಡಿದೇ ಏರುತ್ತವೆ. 2015ರಲ್ಲಿ ಪ್ರಕಟವಾದ ಅಧ್ಯಯನ ಇನ್ನೊಂದನ್ನು ತೋರಿಸಿತು. ಒಮ್ಮೆ ಏರಿದ ಎತ್ತರವನ್ನು ಕಾಯ್ದುಕೊಂಡು ನೇರ ಹಾರುವ ಬದಲು, ಗುಡ್ಡ ಬಂದಾಗ ಏರಿ, ಕಣಿವೆ ಬಂದಾಗ ಇಳಿದು ನೆಲವನ್ನು ಅನುಸರಿಸುತ್ತವೆ. ತೆಳುಗಾಳಿಯಲ್ಲಿ ರೆಕ್ಕೆ ಬಡಿಯುವ ಖರ್ಚು ಎಷ್ಟೆಂದರೆ, ಇಳಿದು ಮತ್ತೆ ಏರಿದರೂ ಉಳಿತಾಯವೇ. 2019ರಲ್ಲಿ ಜೆಸ್ಸಿಕಾ ಮೀರ್ ಮತ್ತು ಸಂಗಡಿಗರ ಪ್ರಯೋಗದ ವರದಿ ಬಂತು. ಮೊಟ್ಟೆಯೊಡೆದು ಬಂದಾಗಿನಿಂದ ತಾಯಿಯಂತೆ ತಾವೇ ಸಾಕಿದ ಹೆಬ್ಬಾತುಗಳಿಗೆ ಮುಖವಾಡ ತೊಡಿಸಿ, ಗಾಳಿಸುರಂಗದಲ್ಲಿ ಹಾರಿಸಿ, ಎವರೆಸ್ಟ್ ತುದಿಯಷ್ಟು ಕಡಿಮೆ ಆಮ್ಲಜನಕ ಕೊಟ್ಟು ನೋಡಿದರು. ಹಕ್ಕಿಗಳು ಹಾರಿದವು. ಹೃದಯ ಹೆಚ್ಚು ಬಡಿದುಕೊಳ್ಳಲಿಲ್ಲ, ಮೈ ಉರಿಸುವ ಶಕ್ತಿಯನ್ನು ತಗ್ಗಿಸಿಕೊಂಡವು, ಶ್ವಾಸಕೋಶಕ್ಕೆ ಮರಳುವ ರಕ್ತ ತಣ್ಣಗಾಗಿತ್ತು. ತಣ್ಣಗಿನ ರಕ್ತ ಇನ್ನಷ್ಟು ಆಮ್ಲಜನಕ ಹಿಡಿಯುತ್ತದೆ. 

ಹಿಮಾಲಯದ ಆಚೆಯಿಂದ ಇಷ್ಟು ಕಷ್ಟಪಟ್ಟು ಬಂದ ಹಕ್ಕಿ ಇಲ್ಲಿ ಮೇಯುವುದು ಹುಲ್ಲನ್ನು, ಎಳೆಯ ಪೈರನ್ನು, ಕೊಯ್ಲಾದ ಗದ್ದೆಯ ಉದುರುಗಾಳನ್ನು. ಹೆಬ್ಬಾತಿಗೆ ದನದಂತೆ ಮೆಲುಕು ಹಾಕುವ ಹೊಟ್ಟೆಯಿಲ್ಲ. ತಿಂದ ಹುಲ್ಲು ಒಂದೆರಡು ಗಂಟೆಯಲ್ಲೇ ಹೊರಬರುತ್ತದೆ, ಅದರಲ್ಲಿ ಮೈಗೆ ಹತ್ತುವುದು ಸ್ವಲ್ಪ. ಆದ್ದರಿಂದ ಬಹಳ ತಿನ್ನಬೇಕು. ಹೆಚ್ಚಾಗಿ ಕತ್ತಲಾದ ಮೇಲೆ ಹೊಲಗಳಿಗೆ ಹೋಗಿ ಬೆಳಗಾಗುವುದರೊಳಗೆ ಕೆರೆಗೆ ಮರಳುತ್ತವೆ. ಹಗಲು ಇವನ್ನು ನೀರಿನ ಮೇಲೆ ನೋಡಿದವರು ಸೋಮಾರಿಗಳೆಂದುಕೊಳ್ಳಬಹುದು. ಅದು ಅವುಗಳ ವಿಶ್ರಾಂತಿಯ ಹೊತ್ತು, ಮಾರ್ಚಿನಲ್ಲಿ ಮತ್ತೆ ಹಿಮಾಲಯ ಏರಲು ಬೇಕಾದ ಕೊಬ್ಬನ್ನು ಮೈಗೂಡಿಸಿಕೊಳ್ಳುವ ಹೊತ್ತು. ಚಂದದ ಫೋಟೋಗೆಂದು ದೋಣಿ ತಂದು, ಡ್ರೋನ್ ಹಾರಿಸಿ, ಕೂಗಿ ಎಬ್ಬಿಸಿದರೆ ಪ್ರತಿ ಎಬ್ಬಿಸುವಿಕೆಗೂ ಆ ಕೊಬ್ಬು ಕರಗುತ್ತದೆ. ಚಳಿಗಾಲದ ಅತಿಥಿಗೆ ನಾವು ಕೊಡಬಹುದಾದ ದೊಡ್ಡ ಉಣಿಸು ಅದರ ಹಗಲಿನ ನೆಮ್ಮದಿ.

ಹಾಗಾದರೆ ಮಕ್ಕಳನ್ನು ಕರೆದುಕೊಂಡು ಬೋನಾಳಕ್ಕೆ ಹೋದಾಗ ಮಾಡುವುದಾದರೂ ಏನು? ಅರಣ್ಯ ಇಲಾಖೆಯ ‘ಚಿಣ್ಣರ ವನದರ್ಶನ’ದಂಥ ಕಾರ್ಯಕ್ರಮಗಳಿವೆ, ಶಾಲೆಗಳಲ್ಲಿ ಇಕೋ ಕ್ಲಬ್‌ಗಳಿವೆ. ಬಸ್ಸಿನಲ್ಲಿ ಬಂದು ಬಿಸ್ಕತ್ತು ತಿಂದು ಹೋಗುವುದರ ಬದಲು ಮಾಡಬಹುದಾದ ಕೆಲಸಗಳು ಎಷ್ಟೋ. ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತ ಬಂದಿದೆ, ಅದೇ ಹೊತ್ತಿಗೆ ಎಣಿಸಬಹುದು. ಸಾವಿರ ಹಕ್ಕಿಯ ಹಿಂಡನ್ನು ಒಂದೊಂದಾಗಿ ಎಣಿಸಲಾಗುವುದಿಲ್ಲ. ಮೊದಲು ಹತ್ತು ಹಕ್ಕಿ ಎಷ್ಟು ಜಾಗ ಹಿಡಿಯುತ್ತವೆಂದು ಕಣ್ಣಳತೆ ಮಾಡಿಕೊಂಡು, ಅಂಥ ಹತ್ತುಗಳು ಎಷ್ಟೆಂದು ನೋಡಬೇಕು. ಮನೆಯಲ್ಲಿ ಜೋಳದ ಕಾಳನ್ನು ನೆಲಕ್ಕೆ ಚೆಲ್ಲಿ, ಅಂದಾಜು ಮಾಡಿ, ಆಮೇಲೆ ಎಣಿಸಿ ತಾಳೆ ನೋಡಿದರೆ ಈ ಕಣ್ಣಳತೆ ಬೇಗ ಪಳಗುತ್ತದೆ. ನೀರಿನಂಚಿಗೆ ಒಂದು ಗೂಟ ನೆಟ್ಟು, ವಾರಕ್ಕೊಮ್ಮೆ ನೀರು ಎಷ್ಟು ಹಿಂದೆ ಸರಿಯಿತೆಂದು ಅಳೆದು, ಆ ಹೊಸ ಕೆಸರಿನಲ್ಲಿ ಯಾವ ಯಾವ ಹೆಜ್ಜೆಗುರುತು ಬಿದ್ದಿವೆಯೆಂದು ನೋಟುಬುಕ್ಕಿನಲ್ಲಿ ಬರೆದರೆ, ಮೇಲೆ ಹೇಳಿದ ಪಟ್ಟಿಯ ಲೆಕ್ಕ ಮಕ್ಕಳ ಕೈಯಲ್ಲೇ ಸಿದ್ಧವಾಗುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಗೂಬೆಯುಂಡೆ ಬಿಚ್ಚುವ ಕೆಲಸ. ಹಳೆಯ ಕೋಟೆ, ಪಾಳುಬಿದ್ದ ವಾಡೆ, ಗುಡಿಗೋಪುರಗಳ ಸಂದಿಯಲ್ಲಿ ಕಣಜಗೂಬೆ ವಾಸಿಸುತ್ತದೆ. ಇಲಿಯನ್ನು ಇಡಿಯಾಗಿ ನುಂಗಿ, ಅರಗದ ಕೂದಲು-ಮೂಳೆಯನ್ನು ಉಂಡೆ ಕಟ್ಟಿ ಉಗುಳುತ್ತದೆ. ಒಣಗಿದ ಉಂಡೆಯನ್ನು ಕೈಗವಸು, ಮಾಸ್ಕ್ ಹಾಕಿಕೊಂಡು ಚಿಮಟದಿಂದ ಬಿಡಿಸಿದರೆ ಪುಟ್ಟ ತಲೆಬುರುಡೆಗಳು ಸಿಗುತ್ತವೆ. ಒಂದು ಉಂಡೆಯಲ್ಲಿ ಎಷ್ಟು ಇಲಿ ಎಂದು ಎಣಿಸಿದ ಹುಡುಗಿ, ಗೂಬೆ ಕೂಗಿದರೆ ಕೇಡು ಎಂಬ ಮಾತನ್ನು ಮತ್ತೆ ನಂಬುವುದು ಕಷ್ಟ. ಕಣಜದ ಕಾಳು ಉಳಿದದ್ದು ಯಾರಿಂದ ಎಂಬುದರ ಸಾಕ್ಷಿ ಅವಳ ಅಂಗೈಯಲ್ಲಿರುತ್ತದೆ.

ಕೈಯಾರೆ ಉಣಿಸುವ ಆಸೆ ಮಕ್ಕಳಿಗೆ ಇದ್ದೇ ಇರುತ್ತದೆ, ಅದನ್ನು ಚಿವುಟಬಾರದು. ಆದರೆ ಒಂದೇ ಕಡೆ ಸುರಿಯುವುದರ ಅಪಾಯ ತಿಳಿದಿರಬೇಕು. ರಾಜಸ್ಥಾನದ ಖೀಚನ್ ಎಂಬ ಊರಿನವರು 1970ರ ದಶಕದಿಂದ ಚಳಿಗಾಲದ ಅತಿಥಿಯಾದ ಕುರ್ಜಾ ಎಂಬ ಕ್ರೌಂಚಗಳಿಗೆ ಕಾಳು ಹಾಕುತ್ತ ಬಂದಿದ್ದಾರೆ. ಸಾವಿರಾರು ಹಕ್ಕಿಗಳು ಒಂದೇ ಅಂಗಳಕ್ಕೆ ಇಳಿಯುವ ಆ ನೋಟ ಜಗತ್ಪ್ರಸಿದ್ಧ. 2025ರಲ್ಲಿ ಖೀಚನ್ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲ ಎಂಬ ಮನ್ನಣೆಯನ್ನೂ ಪಡೆಯಿತು. ಆ ಊರಿನವರ ಪ್ರೀತಿಗೆ ನಾನು ತಲೆಬಾಗುತ್ತೇನೆ. ಆದರೂ ಹಕ್ಕಿಗಳು ಇಷ್ಟು ಒತ್ತಾಗಿ ಸೇರಿದ ಕಡೆ ರೋಗ ಒಂದು ಸಲ ಹೊಕ್ಕರೆ ಹರಡುವುದು ಬೇಗ. ಬ್ರಿಟನ್ನಿನಲ್ಲಿ 2005ರ ನಂತರ ಟ್ರೈಕೊಮೊನಾಸ್ ಎಂಬ ಏಕಕೋಶ ಜೀವಿ ಕಾಳಿನ ಡಬ್ಬಿ, ನೀರಿನ ಬಟ್ಟಲುಗಳಿಂದ ಹಬ್ಬಿ, ಗ್ರೀನ್‌ಫಿಂಚ್ ಎಂಬ ಸಾಮಾನ್ಯ ಹಕ್ಕಿಯ ಸಂಖ್ಯೆ ಕೆಲವೇ ವರ್ಷಗಳಲ್ಲಿ ಮೂರನೆಯ ಒಂದು ಭಾಗದಷ್ಟು ಕುಸಿಯಿತು. ರೋಗಪೀಡಿತ ಹಕ್ಕಿ ನುಂಗಲಾರದೆ ಉಗುಳಿದ ಕಾಳನ್ನು ಆರೋಗ್ಯವಂತ ಹಕ್ಕಿ ಹೆಕ್ಕುತ್ತದೆ, ಅಷ್ಟೇ ಸಾಕು. ಪೇಟೆಗಳಲ್ಲಿ ಮೂಟೆಗಟ್ಟಲೆ ಜೋಳ ಸುರಿದಾಗ ಲಾಭ ಆಗುವುದು ಪಾರಿವಾಳಕ್ಕೆ ಮಾತ್ರ, ಅದರ ಒಣಗಿದ ಹಿಕ್ಕೆಯ ಧೂಳು ಕೆಲವರ ಶ್ವಾಸಕೋಶವನ್ನು ಕೆಡಿಸುತ್ತದೆ. ಹೊಲದ ತುಂಬ ಬೀಳುವಂತೆ ಎರಚಿದ ಚರಗದಲ್ಲಿ ಈ ಯಾವ ತೊಂದರೆಯೂ ಇಲ್ಲ: ಕಾಳು ಚದುರಿದೆ, ಹಕ್ಕಿ ಚದುರಿದೆ, ಮರುದಿನಕ್ಕೆ ಏನೂ ಉಳಿದಿಲ್ಲ. ಕೆರೆಯ ದಂಡೆಯಲ್ಲಿ ಬ್ರೆಡ್ಡು, ಕುರುಕುರೆ, ಉಪ್ಪುಖಾರದ ಚುರುಮುರಿ ಎಸೆಯುವುದನ್ನಂತೂ ನಿಲ್ಲಿಸಲೇಬೇಕು. ಬಾತುಗಳಿಗೆ ಅದರಿಂದ ಹೊಟ್ಟೆ ತುಂಬುತ್ತದೆ, ಮೈಗೆ ಬೇಕಾದದ್ದು ಸಿಗುವುದಿಲ್ಲ, ತಿನ್ನದೆ ಉಳಿದದ್ದು ನೀರಿನಲ್ಲಿ ಕೊಳೆಯುತ್ತದೆ.

ನಮ್ಮ ಕಡೆ ಹಕ್ಕಿಗೆ ಮನುಷ್ಯರ ಕೈ ನಿಜವಾಗಿ ಬೇಕಾಗುವುದು ಶಿವರಾತ್ರಿ ಕಳೆದ ಮೇಲೆ. ಹೆಬ್ಬಾತು ಹೋಗಿರುತ್ತದೆ, ಕಡಲೆ-ಜೋಳ ಕಣ ಸೇರಿರುತ್ತವೆ, ಹಳ್ಳ ಬತ್ತಿರುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಯಾದಗಿರಿಯ ಬಿಸಿಲು 42 ಡಿಗ್ರಿ ದಾಟುತ್ತದೆ. ಹಕ್ಕಿಗೆ ಬೆವರುಗ್ರಂಥಿ ಇಲ್ಲ. ಬಾಯಿ ತೆರೆದು ಏದುಸಿರು ಬಿಟ್ಟು, ಗಂಟಲಿನ ತೇವ ಆವಿಯಾಗಿಸಿ ಮೈ ತಂಪು ಮಾಡಿಕೊಳ್ಳಬೇಕು, ಅದಕ್ಕೆ ನೀರು ಖರ್ಚಾಗುತ್ತದೆ. ಸಣ್ಣ ಹಕ್ಕಿ ಇಂಥ ಮಧ್ಯಾಹ್ನಗಳಲ್ಲಿ ಕೆಲವೇ ಗಂಟೆಗಳಲ್ಲಿ ಅಪಾಯದ ಅಂಚಿಗೆ ಬರುತ್ತದೆ. ಶಾಲೆಯ ಬೇವಿನ ಗಿಡದ ನೆರಳಿನಲ್ಲಿ, ಬೆಕ್ಕು ಅಡಗಲು ಕಂಟಿ ಇಲ್ಲದ ಕಡೆ, ಅಗಲ ಬಾಯಿಯ ಮಣ್ಣಿನ ಬಟ್ಟಲಿಡಬೇಕು. ಒಂದೆರಡು ಅಂಗುಲಕ್ಕಿಂತ ಹೆಚ್ಚು ಆಳ ಬೇಡ, ಬಿದ್ದ ಹಕ್ಕಿಯೋ ಜೇನುಹುಳವೋ ಹತ್ತಿ ಬರಲು ನಡುವೆ ಒಂದು ಒರಟು ಕಲ್ಲಿರಲಿ. ಬಟ್ಟಲು ಎರಡಿದ್ದರೆ ಒಳ್ಳೆಯದು. ದಿನಾ ನೀರು ಚೆಲ್ಲಿ ಹೊಸದು ತುಂಬಬೇಕು, ಎರಡು ದಿನಕ್ಕೊಮ್ಮೆ ಪಾಚಿ ಹೋಗುವಂತೆ ಬೂದಿ ಹಾಕಿ ತಿಕ್ಕಿ, ಒಂದನ್ನು ಬಿಸಿಲಿಗೆ ಒಣಗಲು ಬಿಟ್ಟು ಇನ್ನೊಂದನ್ನು ಇಡಬೇಕು. ಪರೀಕ್ಷೆ ಮುಗಿದು ರಜೆ ಬಿಟ್ಟ ದಿನದಿಂದ ಮಳೆ ಬೀಳುವವರೆಗೆ ಶಾಲೆಯಲ್ಲಿ ಈ ಕೆಲಸ ಯಾರದೆಂದು ರಜೆಗೆ ಮೊದಲೇ ಊರಿನವರೊಡನೆ ಕುಳಿತು ಗೊತ್ತುಮಾಡಿಕೊಳ್ಳಬೇಕು, ಏಕೆಂದರೆ ಬಟ್ಟಲು ಒಣಗುವುದು ಸಾಮಾನ್ಯವಾಗಿ ಆ ರಜೆಯ ವಾರಗಳಲ್ಲೇ.